ಮನೆ ಮಂಗಳೂರಲ್ಲಿ ಬೇಡ ತಂಗಿ

ತಂಗಿ, ನಿನ್ನ ಪ್ರಶ್ನೆಗಳನ್ನೆಲ್ಲ ಓದಿದೆ. ನಿಮ್ಮ ಯಜಮಾನರಿಗೆ ಕೇರಳದ ಕಾಸರಗೋಡು ಜಿಲ್ಲೆಯ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕೆಲಸ ಆಗಿದೆ, ಮಳೆಗಾಲದ ಹೊತ್ತಿಗೆ ಇಬ್ಬರೂ ಬರುತ್ತೀರಿ. ಕಾಸರಗೋಡಿನಲ್ಲಿ ಮನೆ ಮಾಡುವುದಾ, ಮಂಗಳೂರಲ್ಲೇ ಇದ್ದು ಅವರು ದಿನಾ ಓಡಾಡುವುದಾ? ಮಲಯಾಳಂ ಬರದಿದ್ದರೆ ನಡೆಯುತ್ತಾ? ಕಡಲು ಕಾಣುವ ಮನೆ ಸಿಗುತ್ತಾ? ಮೀನಿನ ವಾಸನೆ ತಡೆಯೋಕಾಗುತ್ತಾ? ಮುಂದೆ ಮಕ್ಕಳಾದರೆ ಕನ್ನಡ ಶಾಲೆ ಉಂಟಾ? ಚಳ್ಳಕೆರೆಯವಳು ಅಂತ ನನ್ನನ್ನೇ ಹುಡುಕಿ ಕೇಳಿದ್ದೀಯ, ಖುಷಿಯಾಯಿತು.

ಮೀನಿನ ವಾಸನೆ ಮೊದಲ ತಿಂಗಳು ಅಷ್ಟೇ. ಆಮೇಲೆ ಮೂಗೇ ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ಹೇಗೂ ಜೂನ್ 9ರಿಂದ ಜುಲೈ 31ರ ತನಕ ಇಲ್ಲಿ ಟ್ರಾಲಿಂಗ್ ನಿಷೇಧ. ದೊಡ್ಡ ಬೋಟುಗಳು ಕಡಲಿಗೆ ಇಳಿಯಲ್ಲ.

ಕಡಲು ಕಾಣುವ ಮನೆ ಬೇಡ. ನನಗೂ ಬರುವಾಗ ಅದೇ ಆಸೆ ಇತ್ತು, ಬಯಲುಸೀಮೆಯವರಿಗೆ ಅದು ಇದ್ದದ್ದೇ. ಆದರೆ ಮಳೆಗಾಲದ ಕಡಲು ಬೇಕಲ ಕೋಟೆಯ ಮೇಲೆ ನಿಂತು ನೋಡುವುದಕ್ಕೆ ಚಂದ, ಹಿತ್ತಲಲ್ಲಿ ಇಟ್ಟುಕೊಳ್ಳುವುದಕ್ಕಲ್ಲ. ಉಪ್ಪಳದ ಕಡೆ ಕಡಲ್ಕೊರೆತಕ್ಕೆ ತೆಂಗಿನ ಮರಗಳೇ ಬುಡ ಸಮೇತ ಹೋಗಿವೆ. ಉಪ್ಪುಗಾಳಿಗೆ ಗ್ಯಾಸ್ ಸ್ಟೌ, ಫ್ರಿಜ್ಜಿನ ಬಾಗಿಲು, ಬೈಕಿನ ಸೈಲೆನ್ಸರ್ ಎಲ್ಲಕ್ಕೂ ತುಕ್ಕು. ಇನ್ನು ಬಾವಿ. ಇಲ್ಲಿ ಮನೆಗೊಂದು ಬಾವಿ ಇರುತ್ತದೆ, ನೋಡಿದ ಕೂಡಲೇ ನಮ್ಮ ಕಡೆಯವರು ಮರುಳಾಗುತ್ತಾರೆ. ಕಡಲ ಹತ್ತಿರದ ಬಾವಿ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗಬಹುದು. ಮನೆ ತೋರಿಸುವವರು ಅದನ್ನು ತಾವಾಗಿ ಹೇಳುವುದಿಲ್ಲ, ಪಕ್ಕದ ಮನೆಯವರನ್ನು ಕೇಳು.

ಮಳೆ ಬಗ್ಗೆ ನೀನು ಏನೂ ಕೇಳಿಲ್ಲ. ಕೇಳಬೇಕಿತ್ತು. ಚಳ್ಳಕೆರೆಯಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಬಂದರೆ ದೇವರು ಕಣ್ಣು ಬಿಟ್ಟ ಅನ್ನುತ್ತೇವೆ ಅಲ್ವಾ? ಇಲ್ಲಿ 3,000 ದಾಟುತ್ತದೆ, ಅದರಲ್ಲಿ ಮುಕ್ಕಾಲುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಾವು ಬಂದ ಮೊದಲ ಮಳೆಗಾಲದಲ್ಲಿ ಕೂಡ್ಲು ಕಡೆ ಒಂದು ಹಂಚಿನ ಮನೆ ಬಾಡಿಗೆಗೆ ಹಿಡಿದಿದ್ದೆವು. ಬಟ್ಟೆ ಒಣಗುತ್ತಿರಲಿಲ್ಲ. ಇವರ ಅಂಗಿಯನ್ನು ಇಸ್ತ್ರಿ ಹಾಕಿಯೇ ಒಣಗಿಸಿ ಬ್ಯಾಂಕಿಗೆ ಕಳಿಸುತ್ತಿದ್ದೆ. ಒಂದು ದಿನ ಬೀರು ತೆಗೆದರೆ ನನ್ನ ಧಾರೆ ಸೀರೆಯ ಮಡಿಕೆ ಉದ್ದಕ್ಕೂ ಬಿಳೀ ಬೂಸ್ಟು. ಬೆರಳಲ್ಲಿ ಒರೆಸಿದರೆ ಕೆಳಗೆ ಬಣ್ಣ ಹೋಗಿ ಕಂದು ಕಲೆ. ಕುಂಕುಮದ ಡಬ್ಬಿ ಕೆಸರಾಗಿತ್ತು. ರೇಷ್ಮೆ ಸೀರೆ, ಚರ್ಮದ ಚಪ್ಪಲಿ, ಸರ್ಟಿಫಿಕೇಟುಗಳು ಮೊದಲ ವರ್ಷ ಅಮ್ಮನ ಮನೆಯಲ್ಲೇ ಇರಲಿ. ಸರ್ಟಿಫಿಕೇಟಿನ ಜೆರಾಕ್ಸ್ ತಾ.

ಈಗ ಮಾತಿನ ವಿಷಯ. ಕಾಸರಗೋಡು ಪೇಟೆಯಲ್ಲಿ ಕನ್ನಡದಲ್ಲಿ ದಿನ ಕಳೆಯಬಹುದು. ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲ ಒಂದೇ ಅಂಗಡಿಯ ಮುಂದೆ ಕೇಳುತ್ತದೆ, ಅಂಗಡಿಯವನು ಯಾರಿಗೆ ಯಾವುದು ಬೇಕೋ ಅದರಲ್ಲಿ ಚಿಲ್ಲರೆ ಕೊಡುತ್ತಾನೆ. ಚಂದ್ರಗಿರಿ ಹೊಳೆ ದಾಟಿದರೆ ಕನ್ನಡ ತೆಳುವಾಗುತ್ತದೆ. ಪೆರಿಯ ಹೊಳೆಯ ಆ ಕಡೆ. ಹೊಸದುರ್ಗದಲ್ಲೂ (ನಮ್ಮ ಚಿತ್ರದುರ್ಗದ ಹೊಸದುರ್ಗ ಅಲ್ಲ, ಕಾಞಂಗಾಡಿಗೆ ಇಲ್ಲಿಯವರು ಹಾಗೇ ಅನ್ನುವುದು) ಹಳೇ ಕನ್ನಡದ ಮನೆತನಗಳಿವೆ, ಆದರೆ ಬಸ್ಸಿನಲ್ಲಿ ಮಲಯಾಳಂ ಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಇಲ್ಲಿಯ ಕನ್ನಡದವರನ್ನು ‘ಓ, ನಿಮಗೆ ಕನ್ನಡ ಬರುತ್ತಾ?’ ಅಂತ ಕೇಳಬೇಡ. ಬೆಂಗಳೂರಿನಿಂದ ಬಂದವರೆಲ್ಲ ಕೇಳಿ ಕೇಳಿ ಇವರಿಗೆ ಅದು ಮುಳ್ಳು ಚುಚ್ಚಿದಂತೆ ಆಗುತ್ತದೆ. 1956ರ ನವೆಂಬರ್ 1ರಂದು ನಾವೆಲ್ಲ ಸಿಹಿ ಹಂಚುತ್ತಿದ್ದಾಗ ಇವರು ಕೇರಳಕ್ಕೆ ಸೇರಿದರು. 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ನಮ್ಮ ಕಡೆಗೆ ಬರಬೇಕು ಅಂತ ವರದಿ ಕೊಟ್ಟಿತು, ಅದು ವರದಿಯಾಗಿಯೇ ಉಳಿಯಿತು. ಮೊದಲ ರಾಷ್ಟ್ರಕವಿ ಗೋವಿಂದ ಪೈ ಮಂಜೇಶ್ವರದಲ್ಲಿದ್ದವರು. ಯಕ್ಷಗಾನದ ಪಾರ್ತಿಸುಬ್ಬ ಕುಂಬಳೆಯವನು. ಇಂಥ ಊರಿನವರಿಗೆ ನೀನು ಕನ್ನಡದ ಸರ್ಟಿಫಿಕೇಟು ಕೊಡೋಕೆ ಹೋದರೆ ಹೇಗಿರುತ್ತೆ? ಮತ್ತೆ, ನಮ್ಮ ಕಡೆ ತರಕಾರಿಯವನನ್ನೂ ಪಕ್ಕದ ಮನೆಯವರನ್ನೂ ‘ಬಾರೋ, ಕೊಡೋ’ ಅಂತ ಪ್ರೀತಿಯಿಂದ ಅನ್ನುತ್ತೇವಲ್ಲ, ಅದು ಇಲ್ಲಿ ನಡೆಯಲ್ಲ. ಚಿಕ್ಕವರಿಗೂ ಬನ್ನಿ, ಹೋಗಿ ಅನ್ನಬೇಕು.

ಶಾಲೆ ವಿಷಯ ಸದ್ಯಕ್ಕೆ ಬಿಡು, ಮಕ್ಕಳಾಗಲಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಸರಕಾರಿ ಮತ್ತು ಅನುದಾನಿತ ಕನ್ನಡ ಶಾಲೆಗಳಿವೆ. ಕನ್ನಡ ಬರದ ಮೇಷ್ಟ್ರನ್ನು ಕನ್ನಡ ಮಕ್ಕಳಿಗೆ ಹಾಕಿದ್ದಕ್ಕೆ ಅಪ್ಪ ಅಮ್ಮಂದಿರು ಗೇಟಿನ ಮುಂದೆ ಕೂತದ್ದೂ ಉಂಟು. ಆಗ ನೋಡೋಣ.

ಮಂಗಳೂರಿನ ಪ್ರಶ್ನೆಗೆ ಬರುತ್ತೇನೆ. ನೀನು ಇದನ್ನು ಬರೀ ದೂರದ ಲೆಕ್ಕ ಅಂದುಕೊಂಡಿದ್ದೀಯ. ದೂರವೂ ಕಡಿಮೆ ಏನಲ್ಲ, ಮಂಗಳೂರಿಂದ ಕಾಸರಗೋಡಿಗೇ 50 ಕಿಲೋಮೀಟರ್ ಹತ್ತಿರ, ಅಲ್ಲಿಂದ ಪೆರಿಯಕ್ಕೆ ಮತ್ತೆ ಬಸ್ಸು. ಆದರೆ ನಾನು ಬೇಡ ಅನ್ನುವುದು ಅದಕ್ಕಲ್ಲ.

ನಾವು ಕಾಸರಗೋಡಿನಲ್ಲಿ ಮನೆ ಮಾಡಿದರೂ ಮುಖ ಮಾತ್ರ ಮಂಗಳೂರಿನ ಕಡೆಗೇ ಇಟ್ಟುಕೊಂಡಿದ್ದೆವು. ಇಲ್ಲಿ ಸುಮಾರು ಜನ ಹಾಗೇ. ಸೀರೆಗೆ ಮಂಗಳೂರು, ಕಣ್ಣಿಗೆ ಮಂಗಳೂರು, ಹಲ್ಲಿಗೆ ಮಂಗಳೂರು. ರೈಲಿನಲ್ಲಿ ಒಂದು ಗಂಟೆಯ ದಾರಿ, ಅಲ್ಲಿಗೆ ಹೋದರೆ ನಮ್ಮ ರಾಜ್ಯಕ್ಕೆ ಹೋದಂಗೆ ಅಂತ ಒಂದು ಸಮಾಧಾನ ಬೇರೆ. ಇವರ ಅಪ್ಪ ತೀರಿಕೊಂಡ ಮೇಲೆ ನಮ್ಮ ಅತ್ತೆಯವರನ್ನು ಇಲ್ಲಿಗೆ ಕರೆತಂದೆವು. ಅವರ ಹೃದಯದ ಡಾಕ್ಟರು, ಮಾತ್ರೆ, ಸ್ಕ್ಯಾನಿಂಗು ಎಲ್ಲ ಮಂಗಳೂರಿನಲ್ಲೇ. ರೇಷನ್ ಕಾರ್ಡು, ಆಧಾರಿನ ವಿಳಾಸ ಇನ್ನೂ ಚಳ್ಳಕೆರೆಯದ್ದೇ.

2020ರ ಮಾರ್ಚಿನಲ್ಲಿ, ಕೋವಿಡ್ ಶುರುವಾದಾಗ, ಎರಡು ರಾಜ್ಯಗಳ ಗಡಿಯ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದರು. ಟಿವಿಯಲ್ಲಿ ನೋಡಿದೆವು. ಹೆದ್ದಾರಿಗೆ ಅಡ್ಡಲಾಗಿ ಕೆಂಪು ಮಣ್ಣಿನ ಗುಡ್ಡೆ, ಈ ಕಡೆ ಆಂಬುಲೆನ್ಸು. ಒಳದಾರಿಗಳಿಗೂ ಹಾಗೇ ಸುರಿದಿದ್ದರು. ದಾಟೋಕಾಗದೆ ಇಲ್ಲಿಯ ರೋಗಿಗಳು ತೀರಿಹೋದರು. ಮಾತು ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಜಿಲ್ಲೆಯದೇ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು, ಅಲ್ಲಿ ಕೋವಿಡ್ ಆಸ್ಪತ್ರೆ ಅಂತ ಬಾಗಿಲು ತೆರೆದದ್ದು ಆ ಏಪ್ರಿಲ್‌ನಲ್ಲಿ. ರೋಗ ಬರಬಾರದು ಅಂತ ಬಾಗಿಲು ಹಾಕಿದರು, ಸರಿ, ಎಲ್ಲರಿಗೂ ಭಯ ಇತ್ತು. ಆದರೆ ಆ ಮಣ್ಣು ಬಿದ್ದದ್ದು ಕೇರಳದ ಕಡೆಯಿಂದಲ್ಲ ತಂಗಿ, ನಮ್ಮ ಕಡೆಯಿಂದ. ಅತ್ತೆ ಟಿವಿ ನೋಡಿ, ‘ನಮ್ಮೋರೇ ಹಿಂಗ್ ಮಾಡ್ತಾರೇನು?’ ಅಂದರು. ನನಗೆ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಮಾತ್ರೆ ಮುಗಿಯುತ್ತಾ ಬಂತು. ಬರೆದುಕೊಟ್ಟ ಕಂಪನಿಯದ್ದು ಕಾಸರಗೋಡಿನ ಯಾವ ಮೆಡಿಕಲ್ಲಿನಲ್ಲೂ ಇಲ್ಲ. ಮಂಗಳೂರಿನ ಡಾಕ್ಟರು ಫೋನಿಗೆ ಸಿಗಲಿಲ್ಲ. ಬದಲಿಗೆ ಬೇರೆ ಕೊಡಿ ಅಂತ ಇಲ್ಲಿಯ ಡಾಕ್ಟರಲ್ಲಿ ಕೇಳೋಣ ಅಂದರೆ ಅವರಿಗೆ ಅತ್ತೆಯ ಗುರುತೇ ಇಲ್ಲ, ಫೈಲು ಮಂಗಳೂರಿನಲ್ಲಿ. ಎದುರು ಮನೆಯಲ್ಲಿ ಒಬ್ಬರು ಉಮ್ಮ (ಇಲ್ಲಿಯ ಮುಸ್ಲಿಮರು ಅಮ್ಮನಿಗೆ ಹಾಗೆ ಅನ್ನುವುದು) ಇದ್ದರು. ವರ್ಷಗಟ್ಟಲೆ ಗೇಟಿನ ಹತ್ತಿರ ನಗಾಡಿಕೊಂಡದ್ದು ಬಿಟ್ಟರೆ ಜಾಸ್ತಿ ಮಾತಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಅಳುತ್ತಿದ್ದುದನ್ನು ಅವರು ನೋಡಿದರು. ಮಾತ್ರೆಯ ಖಾಲಿ ಪಟ್ಟಿಯನ್ನು ಇಸಕೊಂಡು ಹೋದರು. ಅವರ ಮಗ ಅದರ ಫೋಟೋ ತೆಗೆದು 101ಕ್ಕೆ ಫೋನ್ ಮಾಡಿ ಮಲಯಾಳಂನಲ್ಲಿ ಏನೇನೋ ಹೇಳಿದ. ಆ ದಿನಗಳಲ್ಲಿ ಕೇರಳದ ಅಗ್ನಿಶಾಮಕ ದಳದವರು ಊರಿಂದ ಊರಿಗೆ ಔಷಧಿ ಮುಟ್ಟಿಸುತ್ತಿದ್ದರು, ನಮಗೆ ಗೊತ್ತೇ ಇರಲಿಲ್ಲ. ಕಲ್ಲಿಕೋಟೆಯಿಂದ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ದಾಟಿಸಿ ತಂದರು. ಕೆಂಪು ಜೀಪು ಗೇಟಿನ ಹತ್ತಿರ ನಿಂತಿತು, ಮಾಸ್ಕ್ ಹಾಕಿದ ಹುಡುಗನೊಬ್ಬ ಚೀಟಿ ಓದಿ ಅತ್ತೆಯ ಹೆಸರು ಕರೆದ, ಗೋಡೆಯ ಮೇಲೆ ಕವರು ಇಟ್ಟು ಹಿಂದೆ ಸರಿದ. ‘ಹಣ ಆಮೇಲೆ ಕೊಡಿ ಅಮ್ಮಾ’ ಅಂತ ಕನ್ನಡದಲ್ಲೇ ಹೇಳಿದ.

ಅದಕ್ಕೇ ಹೇಳುವುದು. ಬಂದ ತಿಂಗಳೇ ಅಕ್ಷಯ ಕೇಂದ್ರಕ್ಕೆ (ಇಲ್ಲಿ ಸರಕಾರಿ ಕಾಗದಪತ್ರದ ಕೆಲಸ ಮಾಡಿಕೊಡುವ ಕಡೆ) ಹೋಗಿ ಆಧಾರಿನ ವಿಳಾಸ ಬದಲಿಸಿ. ರೇಷನ್ ಕಾರ್ಡು ಊರಿನಲ್ಲಿ ರದ್ದು ಮಾಡಿಸಿ ಇಲ್ಲಿ ಮಾಡಿಸಿ, ಅಕ್ಕಿಗಾಗಿ ಅಲ್ಲ, ನೀನು ಈ ಊರಿನವಳು ಅನ್ನುವುದಕ್ಕೆ. ಅರ್ಜಿ ಕನ್ನಡದಲ್ಲಿ ಬರೆದುಕೊಟ್ಟರೂ ಇಲ್ಲಿ ತೆಗೆದುಕೊಳ್ಳಬೇಕು, ಗೊಣಗಿದರೆ ಸುಮ್ನೆ ನಗಾಡಿಕೊಂಡು ಅಲ್ಲೇ ನಿಂತಿರು. ಕೆಎ ಗಾಡಿ ತಂದರೆ ವರ್ಷದೊಳಗೆ ಊರಿನ ಆರ್‌ಟಿಒದಿಂದ ಎನ್‌ಒಸಿ ತಂದು ಇಲ್ಲಿಯ ನಂಬರು, ಕೆಎಲ್ 14, ಮಾಡಿಸಬೇಕು. ಊರಿನಲ್ಲೇ ಒಬ್ಬ ಡಾಕ್ಟರನ್ನು ಗುರುತು ಮಾಡಿಕೊಳ್ಳಿ, ಜ್ವರ ಬರುವ ಮೊದಲೇ. ಅತ್ತೆಗೆ ಆಮೇಲೆ ಸಿಕ್ಕಿದವರು ಪೆರ್ಲ ಕಡೆಯವರು. ಅತ್ತೆ ‘ಎದಿ ಹಿಡ್ಕಂಡಂಗ್ ಆಗ್ತೈತಿ’ ಅಂದರೆ ಅವರು ‘ಎಂತ ಆಗುವುದು ಅಮ್ಮಾ, ಸರಿಯಾಗಿ ಹೇಳಿ’ ಅನ್ನುವುದು. ಇಬ್ಬರದ್ದೂ ಕನ್ನಡವೇ, ನಡುವೆ ನಾನು ದುಭಾಷಿ.

ಮನೆ ಎಲ್ಲಿ ಅಂದರೆ, ವಿದ್ಯಾನಗರದ ಕಡೆ ನೋಡಿ. ಜಿಲ್ಲಾಧಿಕಾರಿ ಕಚೇರಿ ಅಲ್ಲೇ, ಹೆದ್ದಾರಿ ಹತ್ತಿರ, ಅವರಿಗೆ ಪೆರಿಯದ ಬಸ್ಸು ಸುಲಭ, ನಿನಗೆ ಕನ್ನಡ ಸಿಗುತ್ತದೆ. ಹರತಾಳ ಅಂತ ಸುದ್ದಿ ಬಂದರೆ ಹಿಂದಿನ ಸಂಜೆಯೇ ಹಾಲು, ತರಕಾರಿ ತಂದಿಡು, ಇಲ್ಲಿ ಹರತಾಳ ಅಂದರೆ ಪೆಟ್ಟಿಗೆ ಅಂಗಡಿಯೂ ತೆರೆಯಲ್ಲ. ಕರೆಂಟು ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ, ಮೊದಲ ಸಲ ನೋಡಿ ಹೌಹಾರಬೇಡ. ಕುಚ್ಚಲಕ್ಕಿಯನ್ನು ನಮ್ಮ ಅಕ್ಕಿ ಹಾಗೆ ಮೂರು ಸೀಟಿ ಕೂಗಿಸಿ ಇಳಿಸಬೇಡ, ಜಗಿದು ದವಡೆ ನೋಯುತ್ತದೆ. ಪ್ಲಾಸ್ಟಿಕ್ ತೊಳೆದು ಒಣಗಿಸಿಡು, ಹರಿತಕರ್ಮ ಸೇನೆಯ ಹೆಂಗಸರು ಮನೆಗೇ ಬಂದು ಒಯ್ಯುತ್ತಾರೆ, ಅವರಿಗೆ ದುಡ್ಡು ಕೊಡಬೇಕು.

ಯುಗಾದಿಗೆ ರಜೆ ಇರಲ್ಲ. ಇದು ಮಾತ್ರ ನನಗೆ ಇವತ್ತಿಗೂ ಒಗ್ಗಿಲ್ಲ. ಓಣಂಗೆ ಶಾಲೆಗಳಿಗೆ ಹತ್ತು ದಿನ ರಜೆ, ನಮ್ಮ ಯುಗಾದಿಯ ದಿನ ಇವರು ಹೋಳಿಗೆ ತಿಂದುಕೊಂಡೇ ಬ್ಯಾಂಕಿಗೆ ಓಡುವುದು. ಬೇವಿನ ಹೂವಿಗೆ ನಾನು ಊರೆಲ್ಲ ಸುತ್ತಬೇಕು. ನೀನು ಬಂದರೆ ಆ ದಿನಕ್ಕಾದರೂ ಒಂದು ಮನೆ ಆಗುತ್ತದೆ.

ಬರುವಾಗ ಚಳ್ಳಕೆರೆಯ ಕಡಲೆಕಾಯಿ ಎಣ್ಣೆ ಐದು ಲೀಟರ್ ತಾ, ಗಾಣದ್ದು. ಇಲ್ಲಿ ಎಲ್ಲಕ್ಕೂ ತೆಂಗಿನೆಣ್ಣೆ, ಒಗ್ಗರಣೆಗೆ ಸಾಸಿವೆ ಚಟಗುಟ್ಟಿದರೂ ಊರಿನ ಘಮ ಬರಲ್ಲ. ಡಬ್ಬಿ ಪ್ಲಾಸ್ಟಿಕ್ಕಿನದ್ದೇ ಇರಲಿ, ಟಿನ್ನು ಬೇಡ.