ಪ್ರತಿಕ್ರಿಯೆ: ಒಂದು ಕಣಿವೆ ತುಂಬ ಹೂವು, ಪಕ್ಕದ್ದರಲ್ಲಿ ಯಾಕಿಲ್ಲ?

ಅಮೆರಿಕದ ಸ್ಮೋಕಿ ಬೆಟ್ಟದಲ್ಲಿ ಒಂದು ಕಣಿವೆಯ ನೆಲದ ತುಂಬ ಹೂವು, ಪಕ್ಕದ್ದರಲ್ಲಿ ಬರೀ ರೋಡೋಡೆಂಡ್ರಾನ್ ಪೊದೆ, ಯಾಕೆ ಅಂತ ಕೇಳಿದ್ದೀರಿ. ವ್ಯತ್ಯಾಸ ಹೆಚ್ಚಾಗಿ ಮಣ್ಣಿನದು. ರೋಡೋಡೆಂಡ್ರಾನ್‌ಗೆ ಹುಳಿ ಮಣ್ಣೇ ಇಷ್ಟ. ಅದು ವರ್ಷವಿಡೀ ಹಸಿರು, ಅದರ ದಟ್ಟ ನೆರಳಲ್ಲಿ ಬೇರೆ ಸಸಿ ಏಳುವುದು ಕಷ್ಟ.

ಸುಣ್ಣದಂಶ (ಕ್ಯಾಲ್ಸಿಯಂ) ಜಾಸ್ತಿ ಇರುವ ಕಡೆ ಕಥೆ ಬೇರೆ, ನೆಲದ ತುಂಬ ಹೂವು ಬರುವುದು ಅಲ್ಲೇ. ಮೇಲೆ ಶುಗರ್ ಮೇಪಲ್, ಬಾಸ್‌ವುಡ್, ಬಕೈ, ಟ್ಯೂಲಿಪ್ ಮರ. ಬಾಸ್‌ವುಡ್ ಎಲೆಯಲ್ಲೇ ಕ್ಯಾಲ್ಸಿಯಂ ತುಂಬಾ ಇರುತ್ತದೆ. ಉದುರಿದ ಎಲೆ ಬೇಗ ಕೊಳೆಯುತ್ತದೆ, ಕ್ಯಾಲ್ಸಿಯಂ ಮತ್ತೆ ಮಣ್ಣಿಗೆ ಸೇರುತ್ತದೆ. ಬಸವನಹುಳುಗಳೂ ಇಂಥಲ್ಲೇ ಹೆಚ್ಚು. ಚಿಪ್ಪಿಗೆ ಸುಣ್ಣ ಬೇಕಲ್ವಾ!

ಹೂವು ನೋಡಲು ಏಪ್ರಿಲ್‌ನಲ್ಲಿ ಹೋಗಿ. ಮರಗಳು ಪೂರ್ತಿ ಚಿಗುರುವ ಮೊದಲು ನೆಲಕ್ಕೆ ಬಿಸಿಲು ಬೀಳುತ್ತದೆ. ಬ್ಲಡ್‌ರೂಟ್, ಟ್ರಿಲಿಯಂ ಹೂಬಿಡುವುದು ಆಗಲೇ. ಬೇಸಿಗೆಯಲ್ಲಾದರೆ ಬ್ಲೂ ಕೊಹೋಶ್ ಅನ್ನೋ ಕಾಡುಗಿಡ ಮತ್ತು ಮೇಡನ್‌ಹೇರ್ ಅನ್ನೋ ಜರಿಗಿಡ ಹುಡುಕಿ. ಎರಡೂ ಒಟ್ಟಿಗೆ ದಟ್ಟವಾಗಿದ್ದರೆ ಮಣ್ಣು ಸತ್ವದ್ದು ಅಂತ ಧೈರ್ಯವಾಗಿ ಹೇಳಬಹುದು. ಸುಣ್ಣಕಲ್ಲನ್ನೇ ನೋಡಬೇಕೆಂದರೆ ಟೆನೆಸಿ ರಾಜ್ಯದ ಕಡೆಯ ವೈಟ್ ಓಕ್ ಸಿಂಕ್ ಅನ್ನೋ ತಗ್ಗಿಗೆ ಹೋಗಿ. ನನ್ನ ಪ್ರಕಾರ ಹೂವಿಗೂ ಅದೇ ಒಳ್ಳೆಯ ಜಾಗ.

ಜಿನ್‌ಸೆಂಗ್ (ಔಷಧಿ ಬೇರಿನ ಗಿಡ) ಕಂಡರೆ ಸುಮ್ನೆ ನೋಡಿ ಬನ್ನಿ. ಸ್ಮೋಕಿ ಬೆಟ್ಟದ ನ್ಯಾಷನಲ್ ಪಾರ್ಕ್ ಒಳಗೆ ಅದನ್ನು ಕೀಳುವುದು ಅಪರಾಧ. ಕಿತ್ತು ಜೈಲಿಗೆ ಹೋದವರೂ ಇದ್ದಾರೆ.