ಪುಣೆಯಲ್ಲಿ ಸಾಕಿದ ಬಾಲ್ ಪೈಥಾನ್ ಹಾವುಗಳಿಗೆ ನಾಲ್ಕು ಡಬ್ಬದ ರ್ಯಾಕ್ ಕಟ್ಟಿಸಬೇಕು. ಬಿಸಿ ಹೇಗೆ ಕೊಡುವುದು?

18 ಮಿ.ಮೀ. ಮರೈನ್ ಪ್ಲೈ ತೆಗೆದುಕೊಳ್ಳಿ. ಸಾಮಾನ್ಯ ಪ್ಲೈ ಮಳೆಗಾಲದಲ್ಲಿ ಉಬ್ಬಿ ಡಬ್ಬಗಳು ಸಿಕ್ಕಿಕೊಳ್ಳುತ್ತವೆ. ಸುತಾರನಿಗೆ ಅಳತೆ ಬರೆದುಕೊಡುವ ಬದಲು ಡಬ್ಬವನ್ನೇ ಒಯ್ದು ಕೊಡಿ. ಮುಚ್ಚಳವಿಲ್ಲದ ಡಬ್ಬಕ್ಕೂ ಮೇಲಿನ ಹಲಗೆಗೂ 2 ಮಿ.ಮೀ.ಗಿಂತ ಹೆಚ್ಚು ಸಂದು ಬೇಡ. ಮರಿ ಹಾವಿಗೆ ಅಷ್ಟು ದಾರಿ ಸಾಕು. ಗಾಳಿಯ ತೂತುಗಳನ್ನು ಡಬ್ಬದ ಒಳಗಿನಿಂದ ಹೊರಕ್ಕೆ ಕೊರೆಯಿರಿ, ಚೂಪಾದ ಅಂಚು ಹೊರಗೇ ಉಳಿಯುತ್ತದೆ.

ಹೀಟ್ ಟೇಪ್ (ಕರೆಂಟಿನಿಂದ ಬಿಸಿಯಾಗುವ ತೆಳು ಪಟ್ಟಿ) ಹಿಂಬದಿಯಲ್ಲಿರಲಿ, ಡಬ್ಬದ ತಳದ ಮೂರನೇ ಒಂದು ಭಾಗಕ್ಕಷ್ಟೇ. ಹಲಗೆಯಲ್ಲಿ ತೆಳುವಾದ ಕಾಲುವೆ ಕೊರೆಸಿ ಅದರಲ್ಲಿ ಕೂರಿಸಿ, ಇಲ್ಲದಿದ್ದರೆ ಡಬ್ಬ ಎಳೆದಾಗಲೆಲ್ಲ ಉಜ್ಜಿ ಹರಿಯುತ್ತದೆ. ಅಮೆರಿಕದಿಂದ ತರಿಸಿದ 110 ವೋಲ್ಟ್ ಟೇಪನ್ನು ನೇರವಾಗಿ ನಮ್ಮ 230ಕ್ಕೆ ಸಿಕ್ಕಿಸಲೇಬೇಡಿ.

ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಸ್ವಿಚ್ ಹಾಕಬಾರದು. ಅದರ ಪ್ರೋಬನ್ನು (ಬಿಸಿ ಅಳೆಯುವ ತಂತಿಯ ತುದಿ) ಹೀಟ್ ಟೇಪಿಗೂ ಡಬ್ಬಕ್ಕೂ ನಡುವೆ ಅಲ್ಯುಮಿನಿಯಂ ಫಾಯಿಲ್ ಟೇಪಿನಿಂದ ಗಟ್ಟಿಯಾಗಿ ಅಂಟಿಸಿ. ಹಾವುಗಳ ಹೊಟ್ಟೆ ಸುಡುವುದಕ್ಕೆ ಒಂದು ಕಾರಣ ಇಲ್ಲೇ ಇದೆ: ಪ್ರೋಬ್ ಜಾರಿ ತಣ್ಣಗಿನ ಗಾಳಿಯನ್ನು ಅಳೆಯುತ್ತದೆ, ಟೇಪ್ ನಿಲ್ಲದೆ ಕಾಯುತ್ತದೆ. ಬಿಸಿ ತುದಿ 31–32°, ತಂಪು ತುದಿ 25–27° ಸೆಲ್ಸಿಯಸ್. ಹಾಸು ಸರಿಸಿ ಡಬ್ಬದ ತಳದಲ್ಲೇ ಅಳೆಯಿರಿ. ಹಾವು ಬಿಡುವ ಮೊದಲು ಒಂದು ದಿನ ಖಾಲಿ ಓಡಿಸಿ.

ಜನವರಿ ರಾತ್ರಿಗಳಲ್ಲಿ ಟೇಪ್ ಒಂದೇ ಸಾಲದು, ಕೋಣೆಯನ್ನೂ ಬೆಚ್ಚಗಿಡಬೇಕು. ಏಪ್ರಿಲ್‌ನಲ್ಲಿ ಕಷ್ಟ ತಿರುಗುಮುರುಗು, ಥರ್ಮೋಸ್ಟಾಟ್ ಬಿಸಿ ನಿಲ್ಲಿಸಬಲ್ಲದೇ ಹೊರತು ತಂಪು ಮಾಡಲಾರದು. ಅಂದಹಾಗೆ, ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹಾವಿನ ನೋಂದಣಿ ಮಾಡಿಸಿ.