ತಡೆಯೋಕೆ ಎದುರು ಪಾರ್ಟಿಯವ್ರೇ ಬೇಕಾ?

ಪತ್ರಕ್ಕೆ ಥ್ಯಾಂಕ್ಸ್. ನಿಮ್ಮ ಪ್ರಶ್ನೆ ಇಷ್ಟೇ ತಾನೆ: ಅಮೆರಿಕದಲ್ಲಿ ಪ್ರೆಸಿಡೆಂಟು, ಕಾಂಗ್ರೆಸ್ಸು (ಅಂದ್ರೆ ಅಲ್ಲಿನ ಸಂಸತ್ತು), ಸುಪ್ರೀಂ ಕೋರ್ಟು ಒಬ್ರಿಗೊಬ್ರು ಕಡಿವಾಣ ಹಾಕ್ತಾರೆ ಅಂತಾರಲ್ಲ, ಮೂರೂ ಕಡೆ ಒಂದೇ ಪಾರ್ಟಿ ಜನ ತುಂಬ್ಕೊಂಡ್ರೆ ಅದೆಲ್ಲ ಪುಸ್ತಕದ ಬದನೆಕಾಯಿ ಅಲ್ವಾ ಅಂತ.

ರೂಲ್ಸ್ ನಿಮಗೆ ಗೊತ್ತಿರೋದೇ. ಬಿಲ್ಲಿಗೆ ಪ್ರೆಸಿಡೆಂಟ್ ವೀಟೋ ಹಾಕಿ ತಡೀಬೋದು, ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಓಟು ಬಿದ್ರೆ ವೀಟೋನೂ ಬಿದ್ದೋಯ್ತು, ಜಡ್ಜ್ ಹೆಸರು ಹೇಳೋದು ಪ್ರೆಸಿಡೆಂಟು ಒಪ್ಪೋದು ಸೆನೆಟ್ಟು (ಕಾಂಗ್ರೆಸ್ಸಿನ ಮೇಲ್ಮನೆ), ಖಜಾನೆ ಬೀಗದ ಕೈ ಕಾಂಗ್ರೆಸ್ ಹತ್ರ. ಇದೆಲ್ಲ ನಡೆಯೋಕೆ ವಿರೋಧ ಪಕ್ಷ ಬೇಕು ಅನ್ಸುತ್ತೆ ನಿಜ, ಆದ್ರೆ ಹಿಂದಿಂದು ತೆಗೆದು ನೋಡಿ, ದೊಡ್ಡ ಹೊಡೆತಗಳು ಬಿದ್ದಿರೋದು ಸ್ವಂತ ಕಡೆಯವ್ರಿಂದ್ಲೇ.

1936ರ ಚುನಾವಣೆಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ 48 ರಾಜ್ಯದಲ್ಲಿ 46 ಗೆದ್ದಿದ್ರು, ಸೆನೆಟ್ ತುಂಬಾ ಅವ್ರ ಪಾರ್ಟಿಯ ಡೆಮಾಕ್ರಟ್‌ಗಳೇ. ಆದ್ರೆ ಆರ್ಥಿಕ ಕುಸಿತದಿಂದ ದೇಶಾನ ಎತ್ತೋಕೆ ಅವ್ರು ತಂದ ನ್ಯೂ ಡೀಲ್ ಕಾಯ್ದೆಗಳಲ್ಲಿ ಎಷ್ಟೋ ಮುಖ್ಯವಾದವನ್ನ ಕೋರ್ಟು ಹೊಡೆದು ಹಾಕಿತ್ತು, ಆ ಸಿಟ್ಟಿಗೆ 1937ರಲ್ಲಿ ಒಂದು ಬಿಲ್ ತಂದ್ರು: 70 ದಾಟಿಯೂ ಕುರ್ಚಿ ಬಿಡದ ಒಬ್ಬೊಬ್ಬ ಜಡ್ಜ್‌ಗೂ ಒಬ್ಬ ಹೊಸ ಜಡ್ಜ್, ಅಂದ್ರೆ 9 ಇದ್ದಿದ್ದು 15ರ ತನಕ ಹೋಗ್ಬೋದು. ಸಂವಿಧಾನದಲ್ಲಿ ಇಷ್ಟೇ ಜಡ್ಜ್ ಇರ್ಬೇಕು ಅಂತ ಎಲ್ಲೂ ಬರೆದಿಲ್ಲ, ಹಾಗಾಗಿ ದಾರಿ ಸಲೀಸಾಗೇ ಇತ್ತು. ತಡೆದೋರು ಯಾರು? ಅವ್ರದೇ ಪಾರ್ಟಿ! ಡೆಮಾಕ್ರಟ್‌ಗಳೇ ಜಾಸ್ತಿ ಇದ್ದ ಸೆನೆಟ್ ಕಮಿಟಿ ಇದು ಬೇಡ್ವೇ ಬೇಡ ಅಂತ ಖಾರವಾಗಿ ವರದಿ ಕೊಡ್ತು, ಜುಲೈನಲ್ಲಿ ಸೆನೆಟ್ 70ಕ್ಕೆ 20 ಓಟಲ್ಲಿ ಬಿಲ್ಲನ್ನ ವಾಪಸ್ ಕಮಿಟಿಗೆ ತಳ್ತು, ಅಲ್ಲಿಗೆ ಅದರ ಕತೆ ಮುಗೀತು. (ಅಷ್ಟೊತ್ತಿಗೆ ಕೋರ್ಟೂ ಸ್ವಲ್ಪ ಮೆತ್ತಗಾಗಿತ್ತು, ಅದನ್ನೂ ಹೇಳ್ಬೇಕು.)

1952ರಲ್ಲೂ ಹಾಗೇ. ಕೊರಿಯಾ ಯುದ್ಧ ನಡೀತಿದೆ, ಸ್ಟೀಲ್ ಕಾರ್ಖಾನೆಗಳಲ್ಲಿ ಮುಷ್ಕರ ಆಗೋ ಹಾಗಿದೆ ಅಂತ ಅಧ್ಯಕ್ಷ ಟ್ರೂಮನ್ ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತಗೊಂಡ್ರು. ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜ್‌ಗಳು ರೂಸ್‌ವೆಲ್ಟ್ ಇಲ್ಲಾ ಟ್ರೂಮನ್ ನೇಮಿಸಿದವ್ರೇ, ಆದ್ರೂ 6-3ರಲ್ಲಿ ಆಗಲ್ಲ ಅಂದ್ರು. ಕೋರ್ಟಿಗೆ ಸೈನ್ಯ ಇಲ್ಲ, ದುಡ್ಡಿಲ್ಲ, ಆದ್ರೂ ಟ್ರೂಮನ್ ಕಾರ್ಖಾನೆ ವಾಪಸ್ ಕೊಟ್ರು. 1974ರಲ್ಲಿ ಅಧ್ಯಕ್ಷ ನಿಕ್ಸನ್ ತಮ್ಮ ಮಾತುಕತೆಯ ಟೇಪ್‌ಗಳನ್ನ ಕೊಡಲ್ಲ ಅಂದ ಕೇಸಲ್ಲಂತೂ ಕೊಡ್ಲೇಬೇಕು ಅಂತ 8-0, ಅದ್ರಲ್ಲಿ ಮೂವರು ನಿಕ್ಸನ್ನೇ ಕೂರಿಸಿದವ್ರು.

ಹಾಗಂತ ನಿಮ್ಮ ಅನುಮಾನ ಸುಳ್ಳು ಅಂತಿಲ್ಲ. ಯುದ್ಧದ ವಿಷಯ ತಗೊಳ್ಳಿ. ಯುದ್ಧ ಘೋಷಿಸೋ ಅಧಿಕಾರ ಕಾಂಗ್ರೆಸ್ಸಿಂದು, ಆದ್ರೆ ವಿಧಿವತ್ತಾಗಿ ಘೋಷಣೆ ಮಾಡಿದ್ದು ಕೊನೇ ಸಲ 1942ರಲ್ಲಿ. ಕೊರಿಯಾ, ವಿಯೆಟ್ನಾಂ, ಇರಾಕ್ ಎಲ್ಲಾ ಘೋಷಣೆ ಇಲ್ದೇ ನಡೆದಿದ್ದು. 1973ರಲ್ಲಿ ನಿಕ್ಸನ್ ವೀಟೋನೂ ಮೀರಿ ಕಾಂಗ್ರೆಸ್ ಒಪ್ಪಿಗೆ ಇಲ್ದೇ ಅಧ್ಯಕ್ಷರು ನಡೆಸೋ ಯುದ್ಧಕ್ಕೆ 60 ದಿನದ ಗಡುವು ಹಾಕೋ ಕಾನೂನು ತಂದ್ರು, ಆದ್ರೂ ಅಧ್ಯಕ್ಷರುಗಳು ಸಂದಿ ಹುಡುಕ್ತಾನೇ ಇದ್ದಾರೆ. ಇಲ್ಲಿ ಕಾಂಗ್ರೆಸ್ಸಿನ ಕೈ ಯಾರೂ ಕಟ್ಟಿಲ್ಲ, ಓಟು ಹಾಕಿ ಆಮೇಲೆ ಯುದ್ಧ ಕೆಟ್ರೆ ಮತದಾರರಿಗೆ ಉತ್ರ ಕೊಡ್ಬೇಕಲ್ಲ, ಅದಕ್ಕಿಂತ ಸುಮ್ನಿರೋದೇ ವಾಸಿ ಅಂತ ಸದಸ್ಯರೇ ಕೂತಿರ್ತಾರೆ ಅನ್ನೋದು ನನ್ನ ಅಭಿಪ್ರಾಯ. ಈ ಒಂದು ವಿಷಯದಲ್ಲಿ ಮಾತ್ರ ನಿಮ್ಮ ಬದನೆಕಾಯಿ ಮಾತಿಗೆ ನನ್ನದೂ ಒಪ್ಪಿಗೆ ಇದೆ.

-ಸಂ.